30,000 ರೂಪಾಯಿಯಲ್ಲಿ ಮನೆಯಿಂದಲೇ ಹಿಟ್ಟಿನ ವ್ಯಾಪಾರ: ಮೊದಲ ಪೊಟ್ಟಣದಿಂದ ಎರಡನೇ ಗ್ರೈಂಡರ್‌ವರೆಗೆ

ಮುಂಬಯಿ ಹತ್ತಿರದ ಡೊಂಬಿವಲಿಯ ನಮ್ಮ ಅಡುಗೆಮನೆಯಿಂದ ಇಡ್ಲಿ-ದೋಸೆ ಹಿಟ್ಟು ಮಾರಲು ಶುರು ಮಾಡಿ ನನಗೆ 8 ವರ್ಷವಾಯಿತು. ಆಗ ಕೈಯಲ್ಲಿದ್ದದ್ದು 30,000 ರೂಪಾಯಿ. ಈಗ ಇಲ್ಲಿಯ ಕನ್ನಡ ಸಂಘದ ಕಾರ್ಯಕ್ರಮಕ್ಕೋ ಮದುವೆಗೋ ಹೋದರೆ ಯಾರಾದರೊಬ್ಬರು ಪಕ್ಕಕ್ಕೆ ಕರೆದು ಕೇಳುತ್ತಾರೆ: "ಅಕ್ಕ, ನಾನೂ ಮನೆಯಿಂದಲೇ ಏನಾದರೂ ಮಾಡಬೇಕಂತಿದ್ದೇನೆ, ಎಲ್ಲಿಂದ ಶುರು ಮಾಡಲಿ?" ಊಟದ ಪಂಕ್ತಿ ಏಳುವುದರೊಳಗೆ ಹೇಳಿ ಮುಗಿಸುವ ಮಾತಲ್ಲ ಅದು. ಹಾಗಾಗಿ ಕ್ರಮವಾಗಿ ಬರೆಯುತ್ತಿದ್ದೇನೆ. ನನ್ನ ಉದಾಹರಣೆ ಹಿಟ್ಟಿನದು. ನಿಮ್ಮದು ಚಕ್ಕುಲಿ, ಸಾರಿನ ಪುಡಿ, ರವಿಕೆ ಹೊಲಿಗೆ ಯಾವುದೇ ಇರಲಿ, ದಾರಿ ಹೆಚ್ಚುಕಮ್ಮಿ ಇದೇ.

ಪ್ರತಿ ಖರ್ಚಿಗೂ ಮೊದಲು ನಾನು ಕೇಳಿಕೊಳ್ಳುವ ಪ್ರಶ್ನೆ ಒಂದೇ: ಇದರಿಂದ ಇವತ್ತು ಕೊಂಡವರು ಮುಂದಿನ ವಾರ ಮತ್ತೆ ಬರುತ್ತಾರೆಯೇ? ಬರುತ್ತಾರೆ ಅನ್ನಿಸಿದರೆ ಖರ್ಚು ಮಾಡುತ್ತೇನೆ. ಇಲ್ಲವಾದರೆ ದುಡ್ಡು ಡಬ್ಬಿಯಲ್ಲೇ ಇರುತ್ತದೆ.

ಹೆಜ್ಜೆ 1: ಕೊಳ್ಳುವವರು ಯಾರು ಎಂದು ಮೊದಲು ನೋಡಿ

ನಮ್ಮವರಲ್ಲಿ ಹೆಚ್ಚಿನವರು ಇಲ್ಲೇ ಎಡವುತ್ತಾರೆ. "ಮುಂಬಯಿಯಲ್ಲಿ ಇಷ್ಟೊಂದು ಕನ್ನಡಿಗರು, ತುಳುವರು ಇದ್ದಾರೆ, ಅವರೆಲ್ಲ ಕೊಳ್ಳುತ್ತಾರೆ" ಎಂದು ನಾನೂ ಲೆಕ್ಕ ಹಾಕಿದ್ದೆ. ಮೊದಲ ವಾರ ನಮ್ಮ ಪರಿಚಯದ 20 ಮನೆಗಳಿಗೆ ಫೋನ್ ಮಾಡಿದೆ. ಎಲ್ಲರೂ ಪ್ರೀತಿಯಿಂದ ಮಾತಾಡಿದರು, ಕೊಂಡವರು 3 ಮನೆಯವರು. ಕಾರಣ ಸರಳ: ನಮ್ಮವರ ಮನೆಯಲ್ಲಿ ಗ್ರೈಂಡರ್ ಇರುತ್ತದೆ, ಉದ್ದು ನೆನೆಹಾಕುವುದು ಅವರಿಗೆ ಕೆಲಸವೇ ಅಲ್ಲ. ನನ್ನ ಹಿಟ್ಟಿಗೆ ನಿಜವಾದ ಗಿರಾಕಿಗಳು ಮೇಲಿನ ಮಹಡಿಯ ಮರಾಠಿ ಮನೆಯವರು, ಎದುರು ಕಟ್ಟಡದ ಗುಜರಾತಿ ಕುಟುಂಬ, ಬೆಳಿಗ್ಗೆ 7:40ರ ಫಾಸ್ಟ್ ಲೋಕಲ್ ಹಿಡಿಯಲು ಓಡುವ ಗಂಡ-ಹೆಂಡತಿ. ಇಡ್ಲಿ ಅವರಿಗೆ ಇಷ್ಟ, ರುಬ್ಬುವ ಸಾಧನವೂ ಇಲ್ಲ, ಪುರುಸೊತ್ತೂ ಇಲ್ಲ.

ನಮ್ಮವರು ಕೊಳ್ಳುವುದೇ ಬೇರೆ: ಕೋರಿ ರೊಟ್ಟಿ, ಮಜ್ಜಿಗೆ ಮೆಣಸು, ಹಲಸಿನ ಹಪ್ಪಳ, ಊರಿನ ಹದದ ಸಾಂಬಾರು ಪುಡಿ. ಅಂದರೆ ಊರಿನ ಬಿಸಿಲು, ಊರಿನ ಮೆಣಸು ಬೇಕಾಗುವ, ಇಲ್ಲಿಯ ಫ್ಲ್ಯಾಟಿನಲ್ಲಿ ಮಾಡಲಾಗದ ಪದಾರ್ಥಗಳು. ನೀವು ಮಾರುವ ವಸ್ತು ಯಾರ ಮನೆಯಲ್ಲಿ "ಮಾಡಲು ಬರುವುದಿಲ್ಲ" ಅಥವಾ "ಮಾಡಲು ಹೊತ್ತಿಲ್ಲ" ಎಂಬುದನ್ನು ಒಂದು ಹಾಳೆಯಲ್ಲಿ ಬರೆಯಿರಿ. ಆ ಮನೆಗಳು ನಿಮ್ಮ ಬಾಗಿಲಿನಿಂದ 10 ನಿಮಿಷದ ನಡಿಗೆಯೊಳಗೆ ಕನಿಷ್ಠ 40 ಸಿಗದಿದ್ದರೆ ವಸ್ತುವನ್ನು ಬದಲಿಸಿ.

ಹೆಜ್ಜೆ 2: ದುಡ್ಡು ಹಾಕುವ ಮೊದಲು 15 ದಿನ ಮಾರಿ ನೋಡಿ

ಮನೆಯ ಚಿಕ್ಕ ಗ್ರೈಂಡರಿನಲ್ಲೇ ದಿನಕ್ಕೆ 4 ಕಿಲೋ ಹಿಟ್ಟು ರುಬ್ಬಿ, ಸ್ಟೀಲ್ ಡಬ್ಬಿಯಲ್ಲಿ ಕೊಟ್ಟೆ. ಮೊದಲ ದಿನ ಪುಕ್ಕಟೆ, ಎರಡನೇ ಸಲ ದುಡ್ಡಿಗೆ. ಪುಕ್ಕಟೆ ಕೊಟ್ಟಾಗ ಎಲ್ಲರೂ ಹೊಗಳುತ್ತಾರೆ, ಆ ಹೊಗಳಿಕೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಡಿ. ದುಡ್ಡು ಕೊಟ್ಟು ಮೂರನೇ ಸಲ ಕೇಳಿದವರ ಹೆಸರು ಮಾತ್ರ ನೋಟ್‌ಬುಕ್ಕಿನಲ್ಲಿ ಬರೆಯಿರಿ. ನನ್ನ ಪಟ್ಟಿಯಲ್ಲಿ 15 ದಿನ ಕಳೆದಾಗ 11 ಹೆಸರುಗಳಿದ್ದವು. ಅಷ್ಟಾದ ಮೇಲೆಯೇ ಗ್ರೈಂಡರ್ ಹುಡುಕಲು ಹೊರಟೆ.

ಮಾದರಿ ಕೊಡುವುದಾದರೆ ಶುಕ್ರವಾರ ಸಂಜೆ ಕೊಡಿ. ಶನಿವಾರ, ಭಾನುವಾರ ಮನೆಯಲ್ಲಿ ಎಲ್ಲರೂ ಇರುತ್ತಾರೆ, ದೋಸೆ ಹುಯ್ಯಲು ಸಮಯ ಇರುತ್ತದೆ. ಸೋಮವಾರ ಕೊಟ್ಟ ಹಿಟ್ಟು ಫ್ರಿಜ್ಜಿನಲ್ಲಿ ಕೂತು ಗುರುವಾರದ ಹೊತ್ತಿಗೆ ಹುಳಿಯಾಗುತ್ತದೆ, ಆ ಹುಳಿ ನಿಮ್ಮ ಹೆಸರಿಗೆ ಅಂಟಿಕೊಳ್ಳುತ್ತದೆ.

ಹೆಜ್ಜೆ 3: ಒಂದು ಕಿಲೋದ ಲೆಕ್ಕ

ಇದನ್ನು ನಿಧಾನವಾಗಿ ಓದಿ, ನಿಮ್ಮ ವಸ್ತುವಿಗೂ ಹೀಗೇ ಬರೆಯಿರಿ. ದರಗಳು ಬದಲಾಗುತ್ತವೆ, ಕ್ರಮ ಬದಲಾಗುವುದಿಲ್ಲ.

ಇಡ್ಲಿ ಅಕ್ಕಿ 3 ಕಿಲೋ, ಕಿಲೋಗೆ 50ರಂತೆ 150 ರೂಪಾಯಿ. ಉದ್ದಿನಬೇಳೆ 1 ಕಿಲೋ 140. ಮೆಂತೆ, ಉಪ್ಪು 10. ಒಟ್ಟು 300. ಈ 4 ಕಿಲೋ ಒಣ ಪದಾರ್ಥ ನೀರು ಕುಡಿದು ಸುಮಾರು 10 ಕಿಲೋ ಹಿಟ್ಟಾಗುತ್ತದೆ. ಕಿಲೋಗೆ 30 ರೂಪಾಯಿ ಬಿತ್ತು. ಹೊಸಬರು ಇಲ್ಲಿಗೇ ನಿಲ್ಲಿಸಿ "30ರದ್ದು 50ಕ್ಕೆ ಮಾರಿದರೆ 20 ಲಾಭ" ಅನ್ನುತ್ತಾರೆ. ಮುಂದಿನ ಲೆಕ್ಕವೂ ಇದೆ: ಪೊಟ್ಟಣಕ್ಕೆ 4, ಚೀಟಿಗೆ 1, ಕರೆಂಟು-ನೀರಿಗೆ 2, ಉಳಿದು ಹಾಳಾಗುವುದಕ್ಕೆ 3, ತಲುಪಿಸಲು 5. ಈಗ 45 ಆಯಿತು. ಆಮೇಲೆ ನಿಮ್ಮ ದುಡಿಮೆ. ತೊಳೆಯುವುದು, ರುಬ್ಬುವುದು, ಪ್ಯಾಕ್ ಮಾಡುವುದು, ಪಾತ್ರೆ ತಿಕ್ಕುವುದು ಸೇರಿ 10 ಕಿಲೋಗೆ 2 ಗಂಟೆ. ಗಂಟೆಗೆ 60 ರೂಪಾಯಿ ಹಿಡಿದರೂ ಕಿಲೋಗೆ 12. ಒಟ್ಟು 57.

ನಿಮ್ಮ ಕೂಲಿಯನ್ನು ದಯವಿಟ್ಟು ಬರೆಯದೆ ಬಿಡಬೇಡಿ. "ಮನೆಯಲ್ಲೇ ಇರುತ್ತೇನಲ್ಲ" ಎಂದು ಬಿಟ್ಟುಕೊಟ್ಟ ಎಷ್ಟೋ ಹೆಂಗಸರು 6 ತಿಂಗಳಲ್ಲಿ ದಣಿದು ನಿಲ್ಲಿಸಿದ್ದನ್ನು ನೋಡಿದ್ದೇನೆ. ನಾಳೆ ಸಹಾಯಕ್ಕೆ ಒಬ್ಬರನ್ನು ಇಟ್ಟುಕೊಂಡರೆ ಅವರಿಗೆ ಕೊಡುವ ಸಂಬಳ ಈ 12 ರೂಪಾಯಿಯಿಂದಲೇ ಬರಬೇಕು.

57 ಬಿದ್ದದ್ದನ್ನು ಮನೆಗಳಿಗೆ 70ಕ್ಕೆ ಕೊಡಬಹುದು. ಅಂಗಡಿಯಲ್ಲಿ ಇಡುವುದಾದರೆ ಅಂಗಡಿಯವರು 15ರಿಂದ 20 ಪ್ರತಿಶತ ಕೇಳುತ್ತಾರೆ. 80 ಎಂದು ಬೆಲೆ ಮುದ್ರಿಸಿದರೆ ನಿಮ್ಮ ಕೈಗೆ 64ರಿಂದ 68. ಹಾಗಾಗಿ ಮೊದಲ 6 ತಿಂಗಳು ಮನೆಗಳಿಗೇ ಮಾರಿ ಎನ್ನುವುದು ನನ್ನ ಸಲಹೆ.

ಹೆಜ್ಜೆ 4: 30,000ವನ್ನು ಹಂಚುವುದು

ನಾನು ಹಂಚಿದ್ದು ಹೀಗೆ. ಹಳೆಯ ಟಿಲ್ಟಿಂಗ್ ಗ್ರೈಂಡರ್ (ಬಗ್ಗಿಸಿ ಹಿಟ್ಟು ಸುರಿಯುವಂಥದ್ದು) 9,000, ಹೋಟೆಲು ಮುಚ್ಚಿದ ಊರಿನವರೊಬ್ಬರಿಂದ. ಸ್ಟೀಲ್ ಪಾತ್ರೆಗಳು 3,000. ಎಲೆಕ್ಟ್ರಾನಿಕ್ ತಕ್ಕಡಿ 1,200. ಕೈಯಿಂದ ಒತ್ತುವ ಸೀಲಿಂಗ್ ಯಂತ್ರ 1,800. ಮೊದಲ ದಿನಗಳ ಅಕ್ಕಿ-ಉದ್ದು 4,000. ಪೊಟ್ಟಣ ಮತ್ತು ಚೀಟಿ 2,000. ಕಾಗದಪತ್ರಕ್ಕೆ 1,000. ಒಟ್ಟು 22,000. ಉಳಿದ 8,000ವನ್ನು ಬೇರೆ ಖಾತೆಯಲ್ಲಿಟ್ಟು ಮುಟ್ಟಲಿಲ್ಲ. ಆ 8,000 ಇಲ್ಲದಿದ್ದರೆ ಮುಂದೆ ಹೇಳುವ ಮೇ ತಿಂಗಳ ಘಟನೆಯಲ್ಲೇ ನನ್ನ ವ್ಯಾಪಾರ ಮುಗಿಯುತ್ತಿತ್ತು.

ಹಳೆಯ ಗ್ರೈಂಡರ್ ಕೊಳ್ಳುವಾಗ ಖಾಲಿ ತಿರುಗಿಸಿ ನೋಡಿದರೆ ಸಾಲದು. ಒಂದು ಕಿಲೋ ನೆನೆದ ಉದ್ದು ಒಯ್ದು ಅಲ್ಲೇ ರುಬ್ಬಿ. 15 ನಿಮಿಷವಾದ ಮೇಲೆ ಮೋಟಾರಿನ ಮೇಲೆ ಕೈಯಿಡಿ. ಕೈ ಹಿಂದಕ್ಕೆ ಎಳೆದುಕೊಳ್ಳುವಷ್ಟು ಸುಡುತ್ತಿದ್ದರೆ ಬೇಡ. ಉದ್ದು ಬೆಣ್ಣೆಯ ಹಾಗೆ ಮೇಲೇಳಬೇಕು, ಒಂದು ಹನಿ ನೀರಿಗೆ ಬಿಟ್ಟರೆ ತೇಲಬೇಕು. ಮುಳುಗಿದರೆ ಕಲ್ಲು ಸವೆದಿದೆ ಎಂದು ನಾನು ಲೆಕ್ಕ ಹಾಕುತ್ತೇನೆ.

ಅಕ್ಕಿ-ಬೇಳೆ ಸಗಟಿಗೆ ವಾಶಿಯ ಎಪಿಎಂಸಿ ಇದೆ, ಡೊಂಬಿವಲಿಯಿಂದ ಠಾಣೆಯಲ್ಲಿ ಗಾಡಿ ಬದಲಿಸಿ ತುರ್ಭೆಗೆ ಹೋಗಬೇಕು. ಆದರೆ ಮೂಟೆಗಟ್ಟಲೆ ಕೊಳ್ಳುವ ಮಟ್ಟಕ್ಕೆ ಬರುವ ತನಕ ಅಲ್ಲಿಗೆ ಹೋಗುವ ಖರ್ಚೇ ಉಳಿತಾಯವನ್ನು ತಿನ್ನುತ್ತದೆ. ನಿಮ್ಮ ಕಿರಾಣಿಯವರ ಹತ್ತಿರ "ತಿಂಗಳಿಗೆ ಇಷ್ಟು ಕೊಳ್ಳುತ್ತೇನೆ" ಎಂದು ದರ ಮಾತಾಡಿ. ಪೊಟ್ಟಣಗಳಿಗೆ ಕ್ರಾಫರ್ಡ್ ಮಾರ್ಕೆಟ್ ಸುತ್ತಿನ ಗಲ್ಲಿಗಳಿಗೆ ಒಮ್ಮೆ ಹೋಗಿ ಬನ್ನಿ, ಮಸ್ಜಿದ್ ಸ್ಟೇಷನ್ನಿನಲ್ಲಿ ಇಳಿದರೆ ನಡೆದುಹೋಗಬಹುದು. ಆಹಾರಕ್ಕೆಂದೇ ಮಾಡಿದ ಪೊಟ್ಟಣ ಎಂದು ಕೇಳಿ ತನ್ನಿ. ಮಹಾರಾಷ್ಟ್ರದಲ್ಲಿ 2018ರಿಂದ ಪ್ಲಾಸ್ಟಿಕ್ ಕೈಚೀಲಕ್ಕೆ ನಿಷೇಧವಿದೆ, ಆದ್ದರಿಂದ ಪೊಟ್ಟಣವನ್ನು ಇನ್ನೊಂದು ತೆಳು ಚೀಲದಲ್ಲಿ ಹಾಕಿ ಕೊಡುವ ಅಭ್ಯಾಸ ಬೇಡ. ನಮ್ಮ ಕಟ್ಟಡದೊಳಗಿನವರು ಈಗಲೂ ತಮ್ಮ ಡಬ್ಬಿಯನ್ನೇ ತರುತ್ತಾರೆ, ಅವರಿಗೆ ಕಿಲೋಗೆ 4 ರೂಪಾಯಿ ಕಡಿಮೆ.

ಸಾಲ ಬೇಕೇ ಬೇಕೆಂದಾದರೆ ಮುದ್ರಾ ಯೋಜನೆಯ ಶಿಶು ವಿಭಾಗದಲ್ಲಿ 50,000ದವರೆಗೆ ಅಡಮಾನವಿಲ್ಲದೆ ಸಿಗುತ್ತದೆ. ಕರಾವಳಿಯಿಂದ ಬಂದ ನಮ್ಮ ಸಮುದಾಯಗಳವರು ಇಲ್ಲಿ ಕಟ್ಟಿದ ಸಹಕಾರಿ ಬ್ಯಾಂಕುಗಳೂ ಇವೆ: 1906ರ ಶಾಮರಾವ್ ವಿಠಲ್, 1946ರ ಮೊಗವೀರ, 1978ರ ಭಾರತ್ ಬ್ಯಾಂಕ್. ಆದರೆ ಮೂರನೇ ಸಲ ಕೊಳ್ಳುವ ಗಿರಾಕಿಗಳ ಪಟ್ಟಿ ಕೈಯಲ್ಲಿಲ್ಲದೆ ಸಾಲಕ್ಕೆ ಹೋಗಬೇಡಿ.

ಹೆಜ್ಜೆ 5: ಕಾಗದಪತ್ರ

ಮನೆಯಲ್ಲಿ ತಯಾರಿಸುತ್ತೇವೆ ಎಂಬ ಕಾರಣಕ್ಕೆ ವಿನಾಯಿತಿ ಇಲ್ಲ. ತಿನ್ನುವ ವಸ್ತು ಮಾರುವವರು ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್ಎಸ್ಎಸ್ಎಐ ನೋಂದಣಿ ಮಾಡಿಸಲೇಬೇಕು. ಫಾಸ್‌ಕಾಸ್ ಎಂಬ ಸರ್ಕಾರಿ ಜಾಲತಾಣದಲ್ಲಿ ನಾವೇ ಅರ್ಜಿ ತುಂಬಬಹುದು. ನಾನು ಮಾಡಿಸಿದಾಗ ವರ್ಷಕ್ಕೆ 12 ಲಕ್ಷದೊಳಗಿನ ವಹಿವಾಟಿಗೆ ಮೂಲ ನೋಂದಣಿ ಸಾಕಿತ್ತು, ಶುಲ್ಕ ವರ್ಷಕ್ಕೆ 100 ರೂಪಾಯಿ. ಕಿಲೋಗೆ 70ರಂತೆ ದಿನಕ್ಕೆ 47 ಕಿಲೋ ಮಾರಿದರೆ ಆ ಗಡಿ ಮುಟ್ಟುತ್ತಿತ್ತು, ಅಂದರೆ ಮೊದಲ ವರ್ಷ ಚಿಂತೆಯಿರಲಿಲ್ಲ. ಬಾಡಿಗೆ ಮನೆಯಾದರೆ ಮಾಲೀಕರಿಂದ ಒಪ್ಪಿಗೆ ಪತ್ರ ಬರೆಸಿಕೊಳ್ಳಿ, ಕಟ್ಟಡದ ಸೊಸೈಟಿಯ ಸೆಕ್ರೆಟರಿಗೂ ಮೊದಲೇ ಹೇಳಿಡಿ. ರಾತ್ರಿ 10ರ ಮೇಲೆ ಗ್ರೈಂಡರ್ ಹಾಕುವುದಿಲ್ಲ ಎಂದು ನಾನೇ ಮುಂದಾಗಿ ಮಾತು ಕೊಟ್ಟೆ, ಇವತ್ತಿನವರೆಗೆ ಕೆಳಗಿನ ಮನೆಯವರಿಂದ ಒಂದು ದೂರು ಬಂದಿಲ್ಲ.

ಸಣ್ಣ ಉದ್ದಿಮೆಗಳಿಗೆ ಸರ್ಕಾರ ಕೊಡುವ ಉದ್ಯಮ್ ನೋಂದಣಿ ಪೂರ್ತಿ ಉಚಿತ, ಆಧಾರ್ ಮತ್ತು ಪ್ಯಾನ್ ಬೇಕು. ಅದೇ ಹೆಸರಿನ ಹಾಗೆ ಕಾಣುವ ಖಾಸಗಿ ಜಾಲತಾಣಗಳು ಸಾವಿರಗಟ್ಟಲೆ ಕೇಳುತ್ತವೆ, ಸರ್ಕಾರಿ ವಿಳಾಸವನ್ನು ನೋಡಿಕೊಂಡೇ ತುಂಬಿ. ಇಲ್ಲಿ ಎಲ್ಲರೂ ಗುಮಾಸ್ತಾ ಎನ್ನುವ ಅಂಗಡಿ ಕಾಯ್ದೆಯ ವಿಷಯದಲ್ಲಿ, ನಮ್ಮ ಹಾಗೆ ಒಬ್ಬಿಬ್ಬರೇ ಕೆಲಸಗಾರರಿದ್ದರೆ ಆನ್‌ಲೈನಿನಲ್ಲಿ ಮಾಹಿತಿ ಸಲ್ಲಿಸಿದರೆ ಸಾಕು. ಜಿಎಸ್‌ಟಿ, ರಾಜ್ಯದೊಳಗೆ ಸರಕು ಮಾತ್ರ ಮಾರುವವರಿಗೆ ವರ್ಷಕ್ಕೆ 40 ಲಕ್ಷ ದಾಟಿದ ಮೇಲೆ.

ಹೆಚ್ಚಿನವರು ಮರೆಯುವುದು ತೂಕ-ಅಳತೆ ಇಲಾಖೆಯನ್ನು. ಪೊಟ್ಟಣ ಕಟ್ಟಿ ಮಾರುವವರು ಶುರು ಮಾಡಿದ 90 ದಿನದೊಳಗೆ ಅಲ್ಲಿ ಹೆಸರು ನೋಂದಾಯಿಸಬೇಕು, ಎಲೆಕ್ಟ್ರಾನಿಕ್ ತಕ್ಕಡಿಗೆ ಪ್ರತಿ ವರ್ಷ ಮುದ್ರೆ ಹಾಕಿಸಬೇಕು. ಚೀಟಿಯ ಮೇಲೆ ನಿಮ್ಮ ಹೆಸರು-ವಿಳಾಸ, ನಿವ್ವಳ ತೂಕ, ತಯಾರಿಸಿದ ದಿನ, ಎಷ್ಟು ದಿನದೊಳಗೆ ಬಳಸಬೇಕು, ಎಲ್ಲ ತೆರಿಗೆ ಸೇರಿದ ಗರಿಷ್ಠ ಬೆಲೆ, ಪದಾರ್ಥಗಳ ಪಟ್ಟಿ, ಸಸ್ಯಾಹಾರದ ಹಸಿರು ಗುರುತು, 14 ಅಂಕಿಯ ಎಫ್ಎಸ್ಎಸ್ಎಐ ಸಂಖ್ಯೆ, ದೂರಿಗೆ ಫೋನ್ ನಂಬರು ಇರಬೇಕು. ಈ ವಿವರಗಳು ಇಂಗ್ಲಿಷಿನಲ್ಲೋ ಹಿಂದಿಯಲ್ಲೋ ಇರಲೇಬೇಕು, ಜೊತೆಗೆ ಮರಾಠಿ, ಕನ್ನಡ ಎಷ್ಟು ಬೇಕಾದರೂ ಹಾಕಿ. ನಾನು ಮೇಲೆ ದೊಡ್ಡದಾಗಿ ಮರಾಠಿಯಲ್ಲಿ "ಇಡಲೀಚೇ ಪೀಠ" (ಇಡ್ಲಿ ಹಿಟ್ಟು) ಎಂದು ಹಾಕಿದ್ದೇನೆ. ಕೆಳಗೆ ಒಂದು ಸಾಲು ಕನ್ನಡವಿದೆ. ಅದನ್ನು ನೋಡಿ "ನೀವು ಊರಿನವರಾ?" ಎಂದು ಕೇಳಿಕೊಂಡು ಬಂದವರೂ ಇದ್ದಾರೆ.

ಹೆಜ್ಜೆ 6: ಹಿಟ್ಟು ಉಬ್ಬಿದ ದಿನ

ಎರಡನೇ ವರ್ಷದ ಮೇ ತಿಂಗಳು. ಒಬ್ಬ ಅಂಗಡಿಯವರಿಗೆ ಸಂಜೆ 20 ಪೊಟ್ಟಣ ಕೊಟ್ಟು ಬಂದೆ. ಬೆಳಿಗ್ಗೆ 6 ಗಂಟೆಗೆ ಫೋನ್: "ಅಕ್ಕ, ಬಂದು ನೋಡಿ." ಕರೆಂಟು ಉಳಿಸಲು ರಾತ್ರಿ ಅವರು ಫ್ರಿಜ್ ಆರಿಸುತ್ತಿದ್ದರು, ನನಗೆ ಅದು ಗೊತ್ತಿರಲಿಲ್ಲ. ಪೊಟ್ಟಣಗಳು ದಿಂಬಿನ ಹಾಗೆ ಉಬ್ಬಿ ನಿಂತಿದ್ದವು, 5 ಒಡೆದು ಹಿಟ್ಟು ಕೆಳಗಿನ ಅರೆಯಲ್ಲಿದ್ದ ಬೆಣ್ಣೆ, ಪನೀರಿನ ಮೇಲೆ ಹರಿದಿತ್ತು. ಅವರು ನನ್ನ ಹಣ ಕೊಡಲಿಲ್ಲ, ಬೆಣ್ಣೆಯ ದುಡ್ಡನ್ನೂ ಕೇಳಿದರು. ಮುಟ್ಟದೆ ಇಟ್ಟಿದ್ದ 8,000ದಿಂದ ಕೊಟ್ಟೆ. ಮನೆಗೆ ಬಂದು ಎಲ್ಲವನ್ನೂ ಬರೆದಿಟ್ಟುಕೊಂಡು ವಿಧಾನ ಬದಲಿಸಿದೆ.

ಮುಂಬಯಿಯ ಮೇ ತಿಂಗಳಲ್ಲಿ ಹಿಟ್ಟು 5-6 ಗಂಟೆಯಲ್ಲೇ ಉಬ್ಬುತ್ತದೆ, ಜನವರಿಯಲ್ಲಿ ರಾತ್ರಿಯಿಡೀ ಬೇಕು. ಅದಕ್ಕೇ ಬೇಸಿಗೆಯಲ್ಲಿ ರುಬ್ಬುವಾಗಲೇ ತಣ್ಣೀರು ಹಾಕುತ್ತೇನೆ, ಹುಳಿ ಬರುವ ಮೊದಲೇ ಫ್ರಿಜ್ಜಿಗೆ ಸೇರಿಸುತ್ತೇನೆ. ಪೊಟ್ಟಣದ ಮೂರನೇ ಒಂದು ಭಾಗ ಖಾಲಿ ಬಿಟ್ಟೇ ಸೀಲ್ ಮಾಡುತ್ತೇನೆ. ಚೀಟಿಯ ಮೇಲೆ ರುಬ್ಬಿದ ದಿನದ ಜೊತೆ ಗಂಟೆಯನ್ನೂ ಬರೆಯುತ್ತೇನೆ. "ಇಡ್ಲಿಗಾದರೆ 4 ಗಂಟೆ ಹೊರಗಿಡಿ, ದೋಸೆಗಾದರೆ ಹಾಗೇ ಹುಯ್ಯಿರಿ" ಎಂಬ ಒಂದು ಸಾಲು ಸೇರಿಸಿದ ಮೇಲೆ "ಇಡ್ಲಿ ಗಟ್ಟಿಯಾಯಿತು" ಎಂಬ ದೂರುಗಳೇ ನಿಂತವು. ಹೊಸ ಅಂಗಡಿಗೆ ಕೊಡುವ ಮೊದಲು ಈಗ ನಾನು ಕೇಳುವ ಮೊದಲ ಮಾತು: "ಅಣ್ಣ, ರಾತ್ರಿ ಫ್ರಿಜ್ ಚಾಲೂ ಇರುತ್ತದಾ?"

ಹಾಳಾದ ಮಾಲನ್ನು ಯಾರು ಹೊರಬೇಕು, ಹಣ ಯಾವ ದಿನ ಎಂಬೆರಡನ್ನೂ ಮೊದಲ ದಿನವೇ ಬರೆದುಕೊಳ್ಳಿ. ಉದ್ಯಮ್ ನೋಂದಣಿ ಇರುವ ಸಣ್ಣ ತಯಾರಕರಿಗೆ ಕೊಳ್ಳುವವರು ಒಪ್ಪಂದವಿದ್ದರೂ 45 ದಿನದೊಳಗೆ ಹಣ ಕೊಡಬೇಕೆಂದು 2006ರ ಕಾಯ್ದೆ ಹೇಳುತ್ತದೆ. ಆದರೂ ನಮ್ಮಂಥವರು 45 ದಿನ ಕಾಯಲಾಗದು. ನನ್ನದು ವಾರಕ್ಕೊಮ್ಮೆ, ಭಾನುವಾರ. ಎರಡು ಭಾನುವಾರ ತಪ್ಪಿದರೆ ಮೂರನೇ ವಾರ ಮಾಲು ಇಲ್ಲ. ಉದ್ರಿ ಕೊಡದಿದ್ದರೆ ಗಿರಾಕಿ ಹೋಗುತ್ತಾರೆ ಎಂಬ ಭಯ ನನಗೂ ಇತ್ತು. ಹೋದವರು ಕೆಲವರೇ, ಅವರಲ್ಲಿ ಅರ್ಧ ಜನ ಗೂಗಲ್ ಪೇ ಮಾಡಿಕೊಂಡು ಮರಳಿ ಬಂದರು.

ಹೆಜ್ಜೆ 7: ಖರ್ಚಿಲ್ಲದೆ ಹೆಸರು ಹಬ್ಬಿಸುವುದು

ಕರಪತ್ರ ಅಚ್ಚು ಹಾಕಿಸಬೇಡಿ. ಸ್ಟೇಷನ್ ಸೇತುವೆಯ ಮೇಲೆ ಕೊಟ್ಟ ಕರಪತ್ರ ಅದೇ ಸೇತುವೆಯ ಮೆಟ್ಟಿಲ ಮೇಲೆ ಬಿದ್ದಿರುತ್ತದೆ.

ವಾಟ್ಸಾಪ್ ಬಿಸಿನೆಸ್ ಉಚಿತ. ಬೇರೆ ನಂಬರಿನಲ್ಲಿ ಹಾಕಿಕೊಂಡು, ಕ್ಯಾಟಲಾಗಿನಲ್ಲಿ 3-4 ವಸ್ತುಗಳನ್ನು ಮಾತ್ರ ಇಡಿ. ಒಂದೇ ಸಲ ಎಲ್ಲರಿಗೂ ಕಳಿಸುವ ಬ್ರಾಡ್‌ಕಾಸ್ಟ್ ಸಂದೇಶ ನಿಮ್ಮ ನಂಬರನ್ನು ಸೇವ್ ಮಾಡಿಕೊಂಡವರಿಗೆ ಮಾತ್ರ ತಲುಪುತ್ತದೆ, ಇದು ಬಹಳ ಜನರಿಗೆ ತಿಳಿದಿಲ್ಲ. ಹಾಗಾಗಿ ಮೊದಲ ಪೊಟ್ಟಣ ಕೈಗಿಡುವಾಗಲೇ "ನನ್ನ ನಂಬರು ಸೇವ್ ಮಾಡಿಕೊಳ್ಳಿ ತಾಯಿ" ಎಂದು ಎದುರಿಗೇ ಮಾಡಿಸಿ. ವಾರಕ್ಕೆ ಎರಡೇ ಸಂದೇಶ: ಗುರುವಾರ ಸಂಜೆ "ಶನಿವಾರಕ್ಕೆ ಎಷ್ಟು ಬೇಕು?", ಮಂಗಳವಾರ ಇನ್ನೊಂದು. ಬೆಳಗಿನ ಹೂವಿನ ಚಿತ್ರ, ಸುಭಾಷಿತ ಕಳಿಸಿದರೆ ಜನ ಮ್ಯೂಟ್ ಮಾಡುತ್ತಾರೆ. ಹೇಳಿದವರಿಗಷ್ಟೇ ರುಬ್ಬಿದರೆ ಹಾಳಾಗುವ ಹಿಟ್ಟೂ ಕಡಿಮೆ.

ಗೂಗಲ್ ಬಿಸಿನೆಸ್ ಪ್ರೊಫೈಲ್ ಕೂಡ ಉಚಿತ. ಮನೆಯ ವಿಳಾಸ ಕಾಣಿಸದಂತೆ ಮಾಡಿ, ಯಾವ ಪ್ರದೇಶಕ್ಕೆ ತಲುಪಿಸುತ್ತೀರಿ ಎಂಬುದನ್ನಷ್ಟೇ ತೋರಿಸಬಹುದು, ಹೆಣ್ಣುಮಕ್ಕಳಿಗೆ ಇದು ಒಳ್ಳೆಯದು. ಫೋಟೋಗೆ ಪೊಟ್ಟಣಕ್ಕಿಂತ ನಿಮ್ಮ ಹಿಟ್ಟಿನಿಂದ ಹುಯ್ದ ದೋಸೆ ಇರಲಿ, ಕಿಟಕಿಯ ಬೆಳಕಿನಲ್ಲಿ ತೆಗೆಯಿರಿ.

ಎಲ್ಲಕ್ಕಿಂತ ಹೆಚ್ಚು ಕೆಲಸ ಮಾಡಿದ್ದು ಸೊಸೈಟಿಯ ನವರಾತ್ರಿಯ ಒಂದು ಸಂಜೆ. ಕಮಿಟಿಯವರನ್ನು ಕೇಳಿ ಒಂದು ಮೇಜು ಹಾಕಿ, ಕಾವಲಿಯಿಟ್ಟು ಬಿಸಿಬಿಸಿ ಸೆಟ್ ದೋಸೆ ಹುಯ್ದು ಒಂದೊಂದು ತುಂಡು ಕೊಟ್ಟೆ. ಉಪವಾಸದವರು ತಿನ್ನಲಿಲ್ಲ, ಆದರೆ ಅವರ ಮಕ್ಕಳು ತಿಂದರು. ದಸರೆಯ ಮರುದಿನದಿಂದ ಬಾಗಿಲ ಬೆಲ್ಲಿನ ಜೊತೆ "ತಾಈ, ಪೀಠ್ ಆಹೇ ಕಾ?" (ಅಕ್ಕ, ಹಿಟ್ಟು ಇದೆಯಾ?) ಎಂಬ ಪ್ರಶ್ನೆ ಶುರುವಾಯಿತು.

ಮರಾಠಿ ಮನೆಗಳಿಗೆ ಮಾರುವವರು ತಿಥಿ-ಹಬ್ಬ ತೋರಿಸುವ ಕಾಲನಿರ್ಣಯ ಕ್ಯಾಲೆಂಡರನ್ನು ಅಡುಗೆಮನೆಯಲ್ಲಿ ತೂಗುಹಾಕಲೇಬೇಕು. ಏಕಾದಶಿ, ಸಂಕಷ್ಟಿ, ನವರಾತ್ರಿಯ 9 ದಿನ ಅಕ್ಕಿ ತಿನ್ನದವರು ಬಹಳ. ನನ್ನ ನೋಟ್‌ಬುಕ್ಕಿನಲ್ಲಿ ಆಷಾಢಿ ಏಕಾದಶಿಯ ದಿನ ಮಾರಾಟ ಅರ್ಧಕ್ಕಿಂತ ಕಡಿಮೆ. ಹಾಗೇ ಗಣಪತಿಯ ದಿನಗಳಲ್ಲಿ ಮನೆ ತುಂಬ ನೆಂಟರು, ಬೆಳಗಿನ ತಿಂಡಿಗೆ ದುಪ್ಪಟ್ಟು ಹಿಟ್ಟು ಬೇಕಾಗುತ್ತದೆ. ಈ ಲೆಕ್ಕ ಗೊತ್ತಿಲ್ಲದೆ ಮೊದಲ ವರ್ಷ ನಾನು ಸುರಿದ ಉದ್ದಿನ ಬೆಲೆ ನೆನೆದರೆ ಈಗಲೂ ಬೇಸರವಾಗುತ್ತದೆ.

ನಮ್ಮ ಸಂಘಗಳನ್ನು ಬಿಡಬೇಡಿ. ರಾಜ್ಯೋತ್ಸವ, ದಸರೆಯ ಕಾರ್ಯಕ್ರಮಗಳಲ್ಲಿ ಒಂದು ಮೇಜು ಸಿಕ್ಕರೆ ಅಲ್ಲಿ ಹಿಟ್ಟು ಇಡಬೇಡಿ, ಸಾರಿನ ಪುಡಿ, ಹಪ್ಪಳ, ಕೋರಿ ರೊಟ್ಟಿ ಇಡಿ. ಪುಡಿ ಬೇಗ ಹಾಳಾಗುವುದಿಲ್ಲ, ದೂರದ ವಿರಾರ್‌ನವರೂ ಪನ್ವೇಲ್‌ನವರೂ ಒಯ್ಯಬಹುದು, ಮುಗಿದಾಗ ಕೊರಿಯರ್ ಹಾಕಿ ಎಂದು ಫೋನ್ ಮಾಡುತ್ತಾರೆ.

ಹೆಜ್ಜೆ 8: ಬೆಲೆ ಏರಿಸುವಾಗ

ಉದ್ದಿನ ಬೆಲೆ ಏರಿದಾಗ ತೂಕ ಕಡಿಮೆ ಮಾಡುವ ಆಸೆ ಬರುತ್ತದೆ. ಮಾಡಬೇಡಿ. 1 ಕಿಲೋ ಎಂದು ಬರೆದು 900 ಗ್ರಾಂ ಹಾಕಿದರೆ ಕಾನೂನಿಗೂ ತಪ್ಪು, ಇಡ್ಲಿ ಎಣಿಸುವ ಗೃಹಿಣಿಗೂ ಗೊತ್ತಾಗುತ್ತದೆ. ನಾನು ಬೆಲೆ ಏರಿಸುವ 15 ದಿನ ಮೊದಲು ಉದ್ದು ಕೊಂಡ ಬಿಲ್ಲಿನ ಫೋಟೋ ಸಮೇತ ಎಲ್ಲರಿಗೂ ತಿಳಿಸುತ್ತೇನೆ. 62ರಿಂದ 70ಕ್ಕೆ ಏರಿಸಿದಾಗ ಬಿಟ್ಟವರು 4 ಮನೆಯವರು.

ಹೆಜ್ಜೆ 9: ಎರಡನೇ ಗ್ರೈಂಡರ್ ಯಾವಾಗ

ನೋಟ್‌ಬುಕ್ಕಿನ ಕೊನೆಯ ಹಾಳೆಯಲ್ಲಿ ಇನ್ನೊಂದು ಪಟ್ಟಿ ಇಡಿ: ಕೇಳಿ ಬಂದು ಬರಿಗೈಯಲ್ಲಿ ಹೋದವರು. ದಿನಾಂಕ, ಹೆಸರು, ಎಷ್ಟು ಕಿಲೋ ಕೇಳಿದ್ದರು, ಇಷ್ಟೇ. ನನ್ನ ಪಟ್ಟಿಯಲ್ಲಿ 3 ತಿಂಗಳು ಸತತವಾಗಿ ದಿನಕ್ಕೆ 6 ಕಿಲೋ ಹೀಗೆ ತಪ್ಪಿಹೋದಾಗ ಎರಡನೇ ಗ್ರೈಂಡರ್ ಕೊಂಡೆ, ಅದೂ ಹಳೆಯದೇ. ಅದೇ ದಿನ ಮೂರನೇ ಮಹಡಿಯ ವೈನಿಯನ್ನು (ಮರಾಠಿಯಲ್ಲಿ ಅತ್ತಿಗೆ) ಬೆಳಿಗ್ಗೆ 2 ಗಂಟೆ ಪ್ಯಾಕಿಂಗಿಗೆ ಕರೆದೆ. ಅವರ ಸಂಬಳಕ್ಕೆ ಬೇರೆ ಹಣ ಹುಡುಕಬೇಕಾಗಿ ಬರಲಿಲ್ಲ. ಮೊದಲ ದಿನದಿಂದ ಪ್ರತಿ ಕಿಲೋದಲ್ಲಿ ಬರೆದಿಟ್ಟಿದ್ದ ಆ 12 ರೂಪಾಯಿ ಬೇರೆ ಡಬ್ಬಿಯಲ್ಲಿತ್ತು.